ಗೇಟಿನಲ್ಲಿ ದೊಡ್ಡವಳು, ರೈಡಿನಲ್ಲಿ ಚಿಕ್ಕವಳು: ದಸರಾ ರಜೆಯಲ್ಲಿ ಪಾರ್ಕಿಗೆ ಹೋಗುವವರಿಗೆ

ರೈಡು, ನೀರಾಟ ಇರುವ ಅಮ್ಯೂಸ್‌ಮೆಂಟ್ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೊರಡುವ ಮುಂಚೆ ಮನೆಯಲ್ಲೇ ಚಪ್ಪಲಿ ಬಿಚ್ಚಿಸಿ, ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಅಡ್ಡ ಇಟ್ಟು ಎತ್ತರ ಅಳೆದುಕೊಳ್ಳಿ. 140 ಸೆಂಟಿಮೀಟರಿಗೆ ಒಂದೆರಡು ಆಚೀಚೆ ಇರುವ ಮಗು ಇದ್ದರಂತೂ ಅಳೆಯದೆ ಮನೆ ಬಿಡಬೇಡಿ. ನಾವು ಅಳೆಯದೆ ಹೋದೆವು. ಅದಕ್ಕೆ ದುಡ್ಡೂ ಹೋಯಿತು, ಹನ್ನೊಂದು ವರ್ಷದ ಮಗಳು ಎರಡು ತಿಂಗಳಿಂದ ಕಾದಿದ್ದ ಆಸೆಯೂ ಹೋಯಿತು.

ನಮ್ಮದು ಸಾಗರದ ಕಡೆ. ದಸರಾ ರಜೆಗೆ ಕೆಂಗೇರಿ ಉಪನಗರದ ನಾದಿನಿ ಮನೆಗೆ ಬಂದಿದ್ದೆವು. ನಾನು, ನಮ್ಮನೆಯವರು, ಮಗಳು, ಆರು ವರ್ಷದ ಮಗ, ಜೊತೆಗೆ ಮಂಡಿನೋವು ಮತ್ತು ಸಕ್ಕರೆ ಕಾಯಿಲೆ ಇರುವ ಅತ್ತೆ. ಮೈಸೂರಿಗೂ ಹೋದೆವು, ಅರಮನೆಯ ದೀಪ ನೋಡಿದೆವು. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಆ ಪಾರ್ಕಿನ ಒಂದು ದಿನದ ಬಗ್ಗೆ ಮಾತ್ರ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಇಂಥ ಪಾರ್ಕುಗಳು ಒಂದಕ್ಕಿಂತ ಹೆಚ್ಚಿವೆ, ನಾವು ಹೋದದ್ದು ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಯಾವುದಕ್ಕೇ ಹೋದರೂ ಕೆಳಗೆ ಬರೆದದ್ದು ಉಪಯೋಗಕ್ಕೆ ಬರುತ್ತದೆ.

ಅಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಗೇಟಿನ ಪಕ್ಕ ಗೋಡೆಗೆ 140 ಸೆಂಟಿಮೀಟರಿನ ಬಣ್ಣದ ಗೆರೆ ಎಳೆದಿದ್ದಾರೆ, ಅದನ್ನು ದಾಟಿದರೆ ದೊಡ್ಡವರ ಟಿಕೆಟ್. ಹಿಂದೆ ಇನ್ನೂರು ಜನ ನೂಕುತ್ತಿದ್ದರು. ಕೌಂಟರಿನ ಹುಡುಗ ಮಗಳನ್ನು ಗೆರೆಯ ಹತ್ತಿರ ನಿಲ್ಲಿಸಿ, ಒಂದು ಸಲ ನೋಡಿ, 'ಇದು ಅಡಲ್ಟ್ ಮೇಡಂ' ಅಂದ. ಅವಳ ಕಾಲಲ್ಲಿ ಹಬ್ಬಕ್ಕೆ ಕೊಡಿಸಿದ ದಪ್ಪ ಅಟ್ಟೆಯ ಸ್ಯಾಂಡಲ್ ಇತ್ತು. ನನಗೆ ಅದು ಹೊಳೆಯಲೇ ಇಲ್ಲ. ಮಗಳಿಗಂತೂ ಟಿಕೆಟ್ಟಿನ ಬದಲು ಕಟ್ಟುವ ದೊಡ್ಡವರ ಕೈಪಟ್ಟಿ ಬಿತ್ತಲ್ಲ ಅಂತ ಖುಷಿಯೋ ಖುಷಿ. ಮಕ್ಕಳ ಟಿಕೆಟ್ಟಿಗೂ ದೊಡ್ಡವರದ್ದಕ್ಕೂ ಇನ್ನೂರು ರೂಪಾಯಿಗಿಂತ ಹೆಚ್ಚು ವ್ಯತ್ಯಾಸ ಇತ್ತು, ಕೊಟ್ಟೆವು.

ಒಳಗೆ ಹೋದ ಕೂಡಲೇ ಅವಳು ಓಡಿದ್ದು ತಲೆಕೆಳಗಾಗಿಸುವ ದೊಡ್ಡ ರೈಡಿಗೆ. ಸಾಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಂತೆವು. ಇನ್ನೇನು ಹತ್ತಬೇಕು ಅನ್ನುವಾಗ ಅಲ್ಲಿನ ಹುಡುಗ 'ಸ್ಯಾಂಡಲ್ ಬಿಚ್ಚು ಪುಟ್ಟಾ' ಅಂದ. ಬಿಚ್ಚಿದಳು. ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಅವನು ಅಡ್ಡಪಟ್ಟಿ ಇಳಿಸಿದ. ಪಟ್ಟಿ ಅವಳ ಕೂದಲಿಗೆ ತಾಗಿತು, ತಲೆಗೆ ತಾಗಲಿಲ್ಲ. ಅಂಗೈಯಿಂದ ಕೂದಲು ಒತ್ತಿ ಮತ್ತೆ ನೋಡಿದ. ಪಟ್ಟಿಗೂ ನೆತ್ತಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ. ಇವಳು ಮೆಲ್ಲಗೆ ಹಿಮ್ಮಡಿ ಎತ್ತಿದಳು. ಅವನು ಅದನ್ನೂ ನೋಡಿದ. ಬೈಯಲಿಲ್ಲ, 'ಹಿಮ್ಮಡಿ ಕೆಳಗಿಡು ಪುಟ್ಟಾ' ಅಂತಷ್ಟೇ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, 'ಭುಜದ ಮೇಲೆ ಬರೋ ಲಾಕು ಇವಳಿಗೆ ಗಟ್ಟಿಯಾಗಿ ಕೂರಲ್ಲ ಮೇಡಂ. ನಾನು ಬಿಡಕ್ಕಾಗಲ್ಲ' ಅಂದ.

ಆ ಹುಡುಗನ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅವನು ಮಾಡಿದ್ದೇ ಸರಿ. ಒಂದು ಬೆರಳು ತಾನೇ ಅಂತ ಅವನು ಬಿಟ್ಟಿದ್ದರೆ ಅದು ದೊಡ್ಡ ತಪ್ಪಾಗುತ್ತಿತ್ತು. ನನ್ನ ಸಿಟ್ಟು ಗೇಟಿನ ಮೇಲೆ. ದುಡ್ಡು ತೆಗೆದುಕೊಳ್ಳುವಾಗ ಚಪ್ಪಲಿ ಸಮೇತ ಅಳೆಯುತ್ತಾರೆ, ಕೂರಿಸುವಾಗ ಬರಿಗಾಲಲ್ಲಿ ಅಳೆಯುತ್ತಾರೆ. ಒಂದೇ ಮಗು, ಒಂದೇ ದಿನ, ಎರಡು ಅಳತೆ. ವಾಪಸ್ ಹೋಗಿ ಕೇಳಿದರೆ, 'ಕೈಪಟ್ಟಿ ಸ್ಕ್ಯಾನ್ ಆಗಿ ಒಳಗೆ ಹೋದ ಮೇಲೆ ಬದಲಾಯಿಸಲ್ಲ' ಅಂದರು. ಮೇಲಿನವರನ್ನು ಕರೆಯಿರಿ ಅಂದೆ, ಅರ್ಧ ಗಂಟೆ ನಿಂತೆ, ಯಾರೂ ಬರಲಿಲ್ಲ.

ಆದ್ದರಿಂದ ಗೇಟಿನಲ್ಲಿ ನೀವೇ ಮಗುವಿನ ಚಪ್ಪಲಿ ಬಿಚ್ಚಿಸಿ. ಜುಟ್ಟು ಎತ್ತಿ ಕಟ್ಟಿದ್ದರೆ ಬಿಚ್ಚಿ. ಹಿಂದಿನವರು ಗೊಣಗಿದರೂ ಎರಡು ನಿಮಿಷ ನಿಂತು ಸರಿಯಾಗಿ ಅಳೆಸಿ, ಆಮೇಲೇ ದುಡ್ಡು ಕೊಡಿ. ಆನ್‌ಲೈನಿನಲ್ಲಿ ಮುಂಚೆ ಕೊಳ್ಳುವುದಾದರೆ ದೊಡ್ಡವರದ್ದು ಮಾತ್ರ ಕೊಂಡು, ಅಂಚಿನಲ್ಲಿರುವ ಮಗುವಿನದ್ದನ್ನು ಅಲ್ಲೇ ಕೊಳ್ಳಿ. ಇನ್ನೊಂದು ವಿಷಯ, ಮನುಷ್ಯನ ಎತ್ತರ ಬೆಳಿಗ್ಗೆ ಎದ್ದಾಗ ಇದ್ದಷ್ಟು ಸಂಜೆಗೆ ಇರುವುದಿಲ್ಲ. ಓಡಾಡಿದಂತೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಒಂದು ಸೆಂಟಿಮೀಟರಿನಷ್ಟು ತಗ್ಗುತ್ತದೆ. ಸರಿಯಾಗಿ 140 ಇರುವ ಮಗು ಹತ್ತಬೇಕಾದ ರೈಡಿದ್ದರೆ ಬಾಗಿಲು ತೆರೆದ ಕೂಡಲೇ ಅಲ್ಲಿಗೆ ಹೋಗಿ.

ಇನ್ನು ಮಳೆಯ ವಿಷಯ. ನಾವು ಮಲೆನಾಡಿನವರು, ಮಳೆ ನಮಗೆ ಹೊಸದಲ್ಲ. ಜೂನಿನಲ್ಲಿ ಹಿಡಿದರೆ ಕೊಡೆ ಮಡಚುವುದು ಸೆಪ್ಟೆಂಬರಿಗೆ. 'ಮಳೆ ಬಂದರೆ ಏನಾಯ್ತು, ಹೇಗಿದ್ದರೂ ನೀರಾಟಕ್ಕೇ ತಾನೇ ಹೋಗೋದು' ಅಂತ ನಾದಿನಿಗೆ ನಾನೇ ಹೇಳಿದ್ದೆ. ಆ ಲೆಕ್ಕ ತಪ್ಪು. ನಮ್ಮ ಕಡೆ ಮಳೆಗಾಲದ ಮಳೆ ಹಗಲೂ ರಾತ್ರಿ ಒಂದೇ ಸಮನೆ ಸುರಿಯುತ್ತದೆ, ಗುಡುಗು ಕಡಿಮೆ. ಬೆಂಗಳೂರಿನ ಕಡೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬೆಳಿಗ್ಗೆ ಸುಡು ಬಿಸಿಲು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಸಮೇತ ಒಮ್ಮೆಲೇ ಸುರಿದುಬಿಡುತ್ತದೆ. ಪಾರ್ಕಿನಲ್ಲಿ ಆಟ ನಿಲ್ಲಿಸುವುದು ಮಳೆಗಲ್ಲ, ಸಿಡಿಲಿಗೆ. ತುಂತುರು ಮಳೆಯಲ್ಲಿ ಬಹಳಷ್ಟು ರೈಡುಗಳು ನಡೆಯುತ್ತವೆ. ಮಿಂಚು ಕಂಡರೆ ಎತ್ತರದ ಕಬ್ಬಿಣದ ರೈಡುಗಳೂ ನಿಲ್ಲುತ್ತವೆ, ಈಜುಕೊಳದಿಂದಲೂ ಎಲ್ಲರನ್ನೂ ಎಬ್ಬಿಸುತ್ತಾರೆ. ನಿಲ್ಲಿಸಲೇಬೇಕು, ಅದರಲ್ಲಿ ತಕರಾರಿಲ್ಲ.

ನಮಗೆ ಆದದ್ದು ಹೀಗೆ. ಸಾಲು ನೋಡಿ ಸುಸ್ತಾಗಿ ಹನ್ನೆರಡೂವರೆಗೆ ನಮ್ಮನೆಯವರು ತಮಗೆ ಮತ್ತು ಮಗಳಿಗೆ ಫಾಸ್ಟ್‌ಟ್ರ್ಯಾಕ್ ಅಂತ ಹೆಚ್ಚಿನ ದುಡ್ಡು ಕೊಟ್ಟು ಬಂದರು. ಅವಳು ಹತ್ತಬಹುದಾದ ನಾಲ್ಕಾರು ರೈಡಾದರೂ ಬೇಗ ಸಿಗಲಿ ಅಂತ. ಒಂದು ರೈಡ್ ಮುಗಿಸಿ ಊಟಕ್ಕೆ ಕೂತೆವು. ಒಂದೂ ಮುಕ್ಕಾಲಿಗೆ ಕತ್ತಲೆ ಕವಿಯಿತು. ಆಮೇಲೆ ಎರಡು ಗಂಟೆ ಇಪ್ಪತ್ತು ನಿಮಿಷ ಎಲ್ಲ ಬಂದ್. ದುಡ್ಡು ವಾಪಸ್ ಕೇಳಿದರೆ ಟಿಕೆಟ್ಟಿನ ಹಿಂಬದಿ ತೋರಿಸಿದರು. ಹವಾಮಾನದಿಂದ ರೈಡ್ ನಿಂತರೆ ಹಣ ಮರಳಿಸುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಅಷ್ಟು ದೊಡ್ಡ ಕೌಂಟರಿನಲ್ಲಿ ಆ ಮಾತನ್ನು ದೊಡ್ಡಕ್ಷರದಲ್ಲಿ ಬರೆದು ಹಾಕಿದ್ದರೆ ನಾವು ಕೊಳ್ಳುತ್ತಲೇ ಇರಲಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗುವವರು ಮಧ್ಯಾಹ್ನದ ಹೊತ್ತಿಗೆ ಇದನ್ನು ಕೊಳ್ಳಲೇಬೇಡಿ. ಕೊಳ್ಳುವುದಾದರೆ ಬೆಳಿಗ್ಗೆಯೇ ಕೊಂಡು, ಊಟಕ್ಕೂ ಮುಂಚೆ ಎಲ್ಲ ಮುಗಿಸಿಬಿಡಿ. ಒಣ ರೈಡುಗಳು ಮೊದಲು, ನೀರು ಆಮೇಲೆ ಅಂತ ಎಲ್ಲರೂ ಹೇಳುತ್ತಾರೆ. ಆ ತಿಂಗಳುಗಳಲ್ಲಿ ಅದು ಇನ್ನೂ ಹೆಚ್ಚು ನಿಜ.

ಆ ಎರಡು ಗಂಟೆ ನನಗೆ ಈಗಲೂ ಕಣ್ಣ ಮುಂದಿದೆ. ಸಾವಿರಾರು ಜನ ಎರಡು ಸೂರಿನ ಕೆಳಗೆ. ಕೂರಲು ಬಿಡಿ, ಕಾಲು ಊರಲು ಜಾಗವಿಲ್ಲ. ನೀರಿನಲ್ಲಿ ಆಡಲು ಹೋಗಿದ್ದ ಮಗ ನೆನೆದ ಬಟ್ಟೆಯಲ್ಲೇ ನಿಂತಿದ್ದ. ಒಣಬಟ್ಟೆ ಲಾಕರಿನಲ್ಲಿ, ಲಾಕರು ಬಯಲಿನ ಆಚೆ ಬದಿಗೆ. ಆ ಸಿಡಿಲಿನಲ್ಲಿ ಬಯಲು ದಾಟಲು ಯಾರನ್ನೂ ಬಿಡುತ್ತಿರಲಿಲ್ಲ. ಅವನ ತುಟಿ ನೀಲಿಗಟ್ಟಿತು, ಹಲ್ಲು ಕಟಕಟ ಅನ್ನುತ್ತಿತ್ತು. ಅತ್ತೆ ಒದ್ದೆ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತು, ಅವನನ್ನು ಮಡಿಲಿಗೆ ಎಳೆದುಕೊಂಡು ಸೆರಗು ಸುತ್ತಿದರು. ಅವರ ಸೀರೆಯೂ ಮಂಡಿವರೆಗೆ ನೆನೆಯಿತು. ಪಕ್ಕದಲ್ಲಿದ್ದ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬರು ತಮ್ಮ ಚೀಲದಿಂದ ಒಣ ಟವೆಲ್ ತೆಗೆದು, 'ತಗೋರಿ ಅಕ್ಕಾ, ಕೂಸಿಗಿ ಥಂಡಿ ಆಗ್ಯಾದ' ಅಂತ ಕೊಟ್ಟರು. ಆಮೇಲೆ ಅವರನ್ನು ಹುಡುಕಿದೆ, ಜನಸಂದಣಿಯಲ್ಲಿ ಸಿಗಲೇ ಇಲ್ಲ. ಟವೆಲ್ ಇನ್ನೂ ನಮ್ಮ ಮನೆಯಲ್ಲಿದೆ.

ಹಾಗಾಗಿ ಪ್ರತಿ ಮಗುವಿನ ಒಂದು ಜೊತೆ ಒಣಬಟ್ಟೆ, ಒಂದು ಟವೆಲ್ ಪ್ಲಾಸ್ಟಿಕ್ ಕವರಿಗೆ ಹಾಕಿ ನೀರಿಗಿಳಿಯದವರ ಕೈಯಲ್ಲಿ ಇಡಿ. ಎಲ್ಲವನ್ನೂ ಲಾಕರಿಗೆ ತುಂಬಬೇಡಿ.

ನೀರಿಗಿಳಿಯುವ ಬಟ್ಟೆಯ ಬಗ್ಗೆಯೂ ತಿಳಿದಿರಿ. ಹತ್ತಿಬಟ್ಟೆ, ಸೀರೆ, ದುಪಟ್ಟಾ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಆಗಬೇಕು. ನಾವು ಮೂವರಿಗೆ ಒಳಗಿನ ಅಂಗಡಿಯಲ್ಲೇ ಕೊಂಡು 1,900 ರೂಪಾಯಿ ತೆತ್ತೆವು. ಮಗನ ಶಾಲೆಯ ಸ್ಪೋರ್ಟ್ಸ್ ಟೀಶರ್ಟು ಪಾಲಿಯೆಸ್ಟರ್ ಆಗಿದ್ದರಿಂದ ಅದನ್ನು ಹಾಗೇ ಬಿಟ್ಟರು. ಮೊದಲೇ ಗೊತ್ತಿದ್ದರೆ ಮಗಳದ್ದನ್ನೂ ಊರಿಂದ ತರುತ್ತಿದ್ದೆ. ಹೊರಗಿನ ತಿಂಡಿ ಬಿಡುವುದಿಲ್ಲ. ಅತ್ತೆಯ ಚಪಾತಿ ಡಬ್ಬಿಯನ್ನು ಗೇಟಿನಲ್ಲಿ ತೆಗೆದಿರಿಸಿದ್ದರು. ಸಕ್ಕರೆ ಕಾಯಿಲೆ ಅಂದರೆ ನಂಬಲಿಲ್ಲ, ಡಾಕ್ಟರ್ ಚೀಟಿ ತೋರಿಸಿದ ಮೇಲೆ ಬಿಟ್ಟರು. ಚೀಟಿ ಮರೆಯಬೇಡಿ.

ವಯಸ್ಸಾದವರನ್ನು ಕರೆದೊಯ್ಯಬೇಕಾ ಅಂತ ಕೇಳಿದರೆ, ರಜೆಯ ದಿನಗಳಲ್ಲಿ ಬೇಡ ಅನ್ನುತ್ತೇನೆ. ಅತ್ತೆ ಒಂದೇ ಒಂದು ರೈಡ್ ಹತ್ತಲಿಲ್ಲ. ಇಡೀ ದಿನ ಚೀಲ ಕಾದರು. ಅವರಿಗೂ ಟಿಕೆಟ್ ಕೊಡಬೇಕಾಯಿತು. 'ಮಕ್ಕಳ ಜೊತೆ ಇದ್ದೆನಲ್ಲ, ಸಾಕು' ಅಂದರು. ಅಷ್ಟು ಹೊತ್ತು ಅವರನ್ನು ಒದ್ದೆ ಮೆಟ್ಟಿಲ ಮೇಲೆ ಕೂರಿಸಿದ್ದಕ್ಕೆ ನನಗೆ ಇವತ್ತಿಗೂ ಸಂಕಟ ಇದೆ. ಜನಜಂಗುಳಿ ಇಷ್ಟಪಡುವವರಿಗೆ ರಜೆಯ ದಿನ ಬೇರೆ ರೀತಿ ಕಾಣಬಹುದು. ನಾನು ಎಷ್ಟು ಮಳೆಯನ್ನಾದರೂ ತಡೆಯುತ್ತೇನೆ, ಆ ನೂಕುನುಗ್ಗಲನ್ನು ಮಾತ್ರ ತಡೆಯಲಾರೆ. ನಾನು ಮತ್ತೆ ಹೋಗುವುದಾದರೆ ಜುಲೈ ತಿಂಗಳ ಯಾವುದಾದರೂ ವಾರದ ದಿನ, ಮಕ್ಕಳಿಗೆ ಒಂದು ದಿನ ಶಾಲೆ ತಪ್ಪಿದರೂ ಸರಿ. ಆಗ ಆ ಕಡೆ ಇರುವುದು ಹೆಚ್ಚಾಗಿ ಮೋಡ, ತುಂತುರು, ತಂಪು ಗಾಳಿ. ಜನವೂ ಕಡಿಮೆ.

ನಾಲ್ಕು ಗಂಟೆಯ ಮೇಲೆ ಮತ್ತೆ ತೆರೆದರು. ಎಲ್ಲರೂ ಒಮ್ಮೆಲೇ ಓಡಿದರು. ನಾವು ಓಡಲಿಲ್ಲ.

ಹೋಗಿಬರುವ ದಾರಿ ಹೇಳಿಬಿಡುತ್ತೇನೆ. ಕೆಂಗೇರಿವರೆಗೆ, ಅದರಾಚೆ ಚಲ್ಲಘಟ್ಟದವರೆಗೂ ಮೆಟ್ರೋ ಇದೆ. ಅಲ್ಲಿಂದ ಮುಂದೆ ಬಸ್ ಹತ್ತುವಾಗ 'ಊರೊಳಗೆ ಹೋಗುತ್ತಾ, ಬೈಪಾಸಾ?' ಅಂತ ಕಂಡಕ್ಟರನ್ನು ಕೇಳಿಯೇ ಹತ್ತಿ. ಎಕ್ಸ್‌ಪ್ರೆಸ್‌ವೇ ಮೇಲೆ ನೇರ ಮೈಸೂರಿಗೆ ಹೋಗುವ ಬಸ್ಸುಗಳು ಬಿಡದಿ, ರಾಮನಗರದ ಒಳಗೆ ಹೋಗುವುದಿಲ್ಲ. ನಮಗೆ ಬೆಳಿಗ್ಗೆ ಮೂರು ಬಸ್ಸು ಹೀಗೇ ತಪ್ಪಿದವು, ಮುಕ್ಕಾಲು ಗಂಟೆ ಹೋಯಿತು. ಶಕ್ತಿ ಯೋಜನೆಯಿಂದ ನನಗೆ, ಅತ್ತೆಗೆ, ಮಗಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡನ್ನು ಮಾತ್ರ ಒದ್ದೆಯಾಗದಂತೆ ಇಟ್ಟುಕೊಳ್ಳಿ. ಸಂಜೆ ಗೇಟಿನ ಹೊರಗೆ ಆಟೋದವರು ಬಿಡದಿಗೆ ಬಾಯಿಗೆ ಬಂದ ರೇಟು ಹೇಳುತ್ತಾರೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಆಟೋ, ಬೈಕು ಬಿಡುವುದಿಲ್ಲ. ಹಾಗಾಗಿ ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಮಳೆ ಬಂದ ದಿನ ಅಲ್ಲಿ ವಾಹನಗಳು ಆಮೆಯಂತೆ ಹರಿದಾಡುತ್ತವೆ. ಮಗನ ನಡುಕ ನೋಡಿ ನಾವು ಕೇಳಿದಷ್ಟು ಕೊಟ್ಟೆವು.

ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು. ಇದನ್ನು ಮಾತ್ರ ವಿವರವಾಗಿ ಬರೆಯಲೇಬೇಕು. ಹಳೇ ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಸಣ್ಣ ಹೋಟೆಲ್, ನಾಲ್ಕು ಬೆಂಚು. ಒಲೆಯ ಮೇಲೆ ಸೊಂಟದೆತ್ತರದ ಹಬೆಪೆಟ್ಟಿಗೆ. ಮುಚ್ಚಳ ತೆಗೆದಾಗ ಇಡೀ ಹೋಟೆಲ್ ಬೆಳ್ಳಗಾಯಿತು. ಒಳಗೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳು, ಪ್ರತಿಯೊಂದರಲ್ಲೂ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ದಿರುತ್ತಾರೆ. ಅಲ್ಲಿದ್ದ ಅಮ್ಮ ತಟ್ಟೆಯನ್ನು ಬಾಳೆಲೆಯ ಮೇಲೆ ಕವುಚಿ, ಬಟ್ಟೆಯನ್ನು ಒಂದು ಮೂಲೆಯಿಂದ ಮೆಲ್ಲಗೆ ಬಿಡಿಸಿದರು. ಅಂಗೈ ಅಗಲಿಸಿದರೆ ಅದಕ್ಕೂ ದೊಡ್ಡದಾದ ಇಡ್ಲಿ, ಮೇಲೆ ಬಟ್ಟೆಯ ನೇಯ್ಗೆಯ ಗುರುತು. ಅದರ ಮೇಲೆ ನೆಲ್ಲಿಕಾಯಿ ಗಾತ್ರದ ಬೆಣ್ಣೆ ಇಟ್ಟರೆ ನೋಡುತ್ತಿದ್ದಂತೆ ಕರಗಿ ಅಂಚಿಗೆ ಹರಿಯಿತು. ಪಕ್ಕಕ್ಕೆ ಹಸಿಮೆಣಸಿನ ಕಾಯಿಚಟ್ನಿ, ಬಿಸಿ ಸಾಗು. ಬೆರಳಿಟ್ಟರೆ ಕುಗ್ಗಿ ಮತ್ತೆ ಮೇಲೇಳುವಷ್ಟು ಮೆತ್ತಗೆ, ಬಾಯಲ್ಲಿ ಅಂಟಿಲ್ಲ, ಹುಳಿ ಹೆಚ್ಚಿಲ್ಲ.

ಅತ್ತೆ ಒಂದು ತುತ್ತು ತಿಂದು, 'ಸಬ್ಬಕ್ಕಿ ಹಾಕ್ತೀರಾ?' ಅಂತ ಕೇಳಿದರು. ಆ ಅಮ್ಮ ನಕ್ಕು, 'ಒಂದು ಹಿಡಿ ಹಾಕ್ತೀನಿ ಕಣಕ್ಕ, ಅಕ್ಕಿ ಜೊತೆ ನೆನೆಸ್ಬೇಕು' ಅಂದರು. ಬೆಳಗಿನಿಂದ ಅತ್ತೆಯ ಮುಖ ಅರಳಿದ್ದು ಆಗಲೇ. ಮಗನನ್ನು ನೋಡಿ ಆ ಅಮ್ಮನೇ ಒಲೆಯ ಹತ್ತಿರಕ್ಕೆ ಸ್ಟೂಲು ಎಳೆದು ಕೂರಿಸಿದರು. ಅವನು ಕೈ ಕಾಯಿಸಿಕೊಳ್ಳುತ್ತಾ ಎರಡು ಇಡ್ಲಿ ತಿಂದ. ಐದು ಜನ ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ 430 ರೂಪಾಯಿ. ಪಾರ್ಕಿನೊಳಗೆ ಮಧ್ಯಾಹ್ನ ಮೂರು ತಟ್ಟೆ ಅನ್ನ-ಸಾಂಬಾರಿಗೆ ಇದರ ಎರಡರಷ್ಟು ಕೊಟ್ಟಿದ್ದೆವು.

ಮಗಳು ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತಿದ್ದಳು. 'ಅಮ್ಮಾ, ಜುಲೈ ಹೊತ್ತಿಗೆ ಒಂದು ಬೆರಳಷ್ಟು ಬೆಳೀತೀನಲ್ವಾ?' ಅಂದಳು. ಊರಿಗೆ ಬಂದ ದಿನವೇ ಅಡುಗೆಮನೆ ಬಾಗಿಲ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿಟ್ಟಿದ್ದಾಳೆ.