ಇಲಿ ನೋಡಾಕ ಹಿಮಾಲಯಕ್ಕ ಹೋಗಿದ್ದೇನು?

ನನ್ನ ಮೊಬೈಲಿನಲ್ಲಿ ಒಂದು ಫೋಟೊ ಇದೆ. ಉತ್ತರಾಖಂಡದ ತುಂಗನಾಥದಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, ಕಲ್ಲುಸಂದಿಯಿಂದ ಇಣುಕಿದ ಪೈಕಾ. ಗಂಗಾವತಿಯಲ್ಲಿ ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ: ‘ಇದು ಇಲಿ ಅಲ್ಲೇನ್ರಿ?’ ಕಾಲುವೆ ನೀರಿಗೆ ಭತ್ತ ಬೆಳೆಯುವ ನಮ್ಮ ಮಾವನದು ಇನ್ನೊಂದು ಕೈ ಮೇಲು: ‘ಅಲ್ಲೋ ಅಳಿಯ, ಇಲಿ ನೋಡಾಕ ಹಿಮಾಲಯಕ್ಕ ಹೋಗಿದ್ದೇನು? ನಮ್ಮ ಗದ್ದಿಗೆ ಬಾ, ಬೇಕಾದಷ್ಟು ತೋರಸ್ತೀನಿ.’

ಇಲಿ ಅಲ್ಲ ಮಾವ, ಮೊಲದ ಬಳಗ. ಬಾಲ ಹುಡುಕಿದರೂ ಕಾಣುವುದಿಲ್ಲ. ಇಲಿಗೆ ಮೇಲ್ದವಡೆಯಲ್ಲಿ ಎರಡೇ ಬಾಚಿಹಲ್ಲು; ಮೊಲಕ್ಕೂ ಪೈಕಾಕ್ಕೂ ಆ ಜೋಡಿಯ ಹಿಂದೆ ಇನ್ನೊಂದು ಪುಟ್ಟ ಜೋಡಿ ಅಡಗಿರುತ್ತದೆ. ಹಾಗಂತ ಮಾವನನ್ನು ನೋಡಿ ನಗುವಂತಿಲ್ಲ. ವಿಜ್ಞಾನಿಗಳೇ ಇವನ್ನು ಬಹುಕಾಲ ಇಲಿ-ಅಳಿಲುಗಳ ಗಣದಲ್ಲಿ ಸೇರಿಸಿದ್ದರು; ಬೇರೆ ಮಾಡಿದ್ದು 1912ರಲ್ಲಿ.

ಮಾವನ ಮೊಮ್ಮಗನಿಗೆ ಹಲ್ಲಿನ ಲೆಕ್ಕ ಬೇಡ. ‘ಆನೆಗೊಂದಿ ಗುಡ್ಡದಾಗ ತಂದು ಬಿಟ್ರ?’ ಅಂದ. ಮನೆಯೇನೋ ಒಪ್ಪುತ್ತದೆ, ಪೈಕಾಕ್ಕೆ ಬೇಕಾದದ್ದು ಗುಂಡುಕಲ್ಲುಗಳ ಸಂದಿಯೇ. ಒಪ್ಪದಿರುವುದು ಬಿಸಿಲು. ಅಮೆರಿಕದ ಪೈಕಾಗಳನ್ನು ತಂಪಿನ ಸಂದಿಗೆ ಹೋಗಗೊಡದೆ ಇಟ್ಟಾಗ, ಬರೀ 26 ಡಿಗ್ರಿ ಆಸುಪಾಸಿನ ಸೆಕೆಯೇ ಕೆಲವು ಗಂಟೆಗಳಲ್ಲಿ ಜೀವ ತೆಗೆದಿದೆ. ನಮ್ಮಲ್ಲಿ ಸಂಕ್ರಾಂತಿಯ ಮಧ್ಯಾಹ್ನವೇ ಅದನ್ನು ದಾಟುತ್ತದೆ!

ಸೆಕೆ ತಾಳದಷ್ಟು ದಪ್ಪ ತುಪ್ಪಳ ಅದಕ್ಕೆ ಯಾಕೆಂದರೆ, ಪೈಕಾ ಚಳಿಗಾಲವಿಡೀ ಎಚ್ಚರವಾಗಿರುತ್ತದೆ. ಅದೇ ಬೆಟ್ಟಗಳ ಮಾರ್ಮೊಟ್ ಎಂಬ ದಪ್ಪ ನೆಲ-ಅಳಿಲು ಬಿಲ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತದಲ್ಲ, ಆ ಸುಖ ಇದಕ್ಕಿಲ್ಲ. ಹೊರಗೆ ಆಳೆತ್ತರ ಹಿಮ, ಒಳಗೆ ಹಸಿವು. ಟಿಬೆಟ್ಟಿನ ಬಯಲಿನ ಪೈಕಾಗಳು ಯಾಕ್ ಸಗಣಿ ತಿಂದು ದಿನ ತಳ್ಳುತ್ತವೆ. ಅಮೆರಿಕದ್ದು ಮಾತ್ರ ಪಕ್ಕಾ ಒಕ್ಕಲಿಗ, ಬಣವಿ ಒಟ್ಟುತ್ತದೆ. ಬೇಸಿಗೆಯಲ್ಲಿ ಹೂವು, ಹುಲ್ಲು ಕತ್ತರಿಸಿ ಬಾಯ್ತುಂಬ ಕಚ್ಚಿಕೊಂಡು ದಿನವಿಡೀ ಓಡಾಟ. ಅದರ ತೂಕ ಕಾಲು ಕಿಲೊವೂ ಇಲ್ಲ, ಬಣವಿಯದು ಕಿಲೊಗಟ್ಟಲೆ. ಪಕ್ಕದವನ ಬಣವಿಯಿಂದ ಕದಿಯುವುದೂ ಉಂಟು. (ಇದನ್ನು ಕೇಳಿ ಮಾವ ತನ್ನ ಬದುವಿನ ನೆರೆಯವನನ್ನು ನೆನೆಸಿಕೊಂಡ.)

ನನಗೆ ಹೆಚ್ಚು ಸೋಜಿಗ ಅದರ ಆಯ್ಕೆ. ಹಸಿಯಾಗಿ ತಿಂದರೆ ಹೊಟ್ಟೆಗಾಗದ, ವಿಷದಂಶವಿರುವ ಸೊಪ್ಪನ್ನೂ ಬೇಕೆಂದೇ ತಂದು ಸೇರಿಸುತ್ತದೆ. ಆ ಅಂಶ ಬಣವಿ ಕೊಳೆಯದಂತೆ ಕಾಯುತ್ತದೆ. ತಿಂಗಳು ಕಳೆದಂತೆ ಅದರ ಖಾರ ಇಳಿಯುತ್ತದೆ, ಆಗ ಆ ಸೊಪ್ಪೂ ಊಟವೇ. ನಮ್ಮವ್ವ ಜೋಳದ ಚೀಲದೊಳಗೆ ಬೇವಿನ ಎಲೆ ಹಾಕುತ್ತಿದ್ದುದು ನೆನಪಾಯಿತು.

ಇಷ್ಟು ಕೇಳಿದ ಮೇಲೆ ಮಾವ ಇಲಿಯ ಮಾತು ಬಿಟ್ಟ. ಫೋಟೊ ಇನ್ನೊಮ್ಮೆ ಇಸಿದುಕೊಂಡು ಕೇಳಿದ: ‘ಮಳಿ ಬಂದ್ರ ಬಣವಿ ಏನ್ ಮಾಡ್ತೈತಿ?’

‘ಚಾಚಿದ ಕಲ್ಲಿನ ಅಡಿಗೇ ಒಟ್ಟತೈತಿ ಮಾವ, ನೆನಿಯಂಗಿಲ್ಲ.’

‘ಹಂಗಾದ್ರ ತಾಡಪಾಲಿನ ಖರ್ಚಿಲ್ಲ ಬಿಡು’ ಅಂದ.