ಕಸ್ತೂರಿಯ ಕಾಸು, ಕುದುರೆಯ ಬಾಲ

ಹೋದ ವರ್ಷ ಜುಲೈನಲ್ಲಿ ಒಂದು ದಿನ ಜೋರು ಮಳೆ, ಐದನೇ ಕ್ಲಾಸಿಗೆ ಬಂದಿದ್ದೇ 14 ಮಕ್ಕಳು. ನಮ್ದು ಹಾಸನದ ಕಡೆ ಒಂದು ಸರ್ಕಾರಿ ಶಾಲೆ. ಪಾಠ ಮುಂದಕ್ಕೆ ಹೋಗೋ ಹಾಗಿಲ್ಲ ಅಂತ ಪದ್ಯ ಹೇಳಿಸ್ತಾ ಕೂತಿದ್ದೆ, ಮಕ್ಕಳು ರಾಜರತ್ನಂ ಅವರ ತುತ್ತೂರಿ ಪದ್ಯ ಎತ್ಕೊಂಡ್ರು. ಒಂದನೇ ಕ್ಲಾಸಿಂದ ಹಾಡಿ ಹಾಡಿ ಬಾಯಿಪಾಠ ಆಗಿರೋ ಪದ್ಯ. ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗ ಒಬ್ಬ ಎದ್ದು ನಿಂತು, "ಮಿಸ್, ಕಾಸಿಗೆ ಕೊಂಡ ಅಂದ್ರೆ ಈಗಿನ ಎಷ್ಟು ರೂಪಾಯಿಗೆ?" ಅಂದ.

ಇಷ್ಟು ವರ್ಷ ಪಾಠ ಮಾಡಿದೀನಿ, ಯಾರೂ ಕೇಳಿರ್ಲಿಲ್ಲ ಈ ಪ್ರಶ್ನೆ.

ಪ್ರತಿ ವರ್ಷ ಶಾಲೇಲಿ ಮೆಟ್ರಿಕ್ ಮೇಳ ಮಾಡ್ತೀವಿ, ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ ತಂದು ಮಾರ್ತಾರೆ, ತೂಕ ಚಿಲ್ಲರೆ ಲೆಕ್ಕ ಎಲ್ಲ ಕಲೀತಾರೆ. ಒಳ್ಳೇದೇ. ಆದ್ರೆ ಆ ಬೆಲೆ ಯಾಕೆ ಅಷ್ಟು, ಒಂದು ತಗೊಂಡ್ರೆ ಇನ್ನೊಂದು ಯಾಕೆ ಬಿಡ್ಬೇಕು, ಇದನ್ನ ನಾವು ಮಾತಾಡೋದೇ ಇಲ್ಲ, ಅದೆಲ್ಲ ಪಿಯುಸಿ ಅರ್ಥಶಾಸ್ತ್ರ ಅಂತ ಎತ್ತಿಟ್ಟುಬಿಡ್ತೀವಿ. ನಂಗೆ ಬಹಳ ದಿನದಿಂದ ಇದು ಮನಸ್ಸಲ್ಲಿ ಕೊರೀತಿತ್ತು.

ಸರಿ, ಬೋರ್ಡ್ ಮೇಲೆ ಬರೆದೆ. 12 ಕಾಸಿಗೆ 1 ಆಣೆ, 16 ಆಣೆಗೆ 1 ರೂಪಾಯಿ. ಅಂದ್ರೆ ರೂಪಾಯಿಗೆ 192 ಕಾಸು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯ್ತು, ಆಣೆ ಹೋಯ್ತು, ಆದ್ರೂ ನಮ್ಮಜ್ಜಿ ಕೊನೇವರೆಗೂ ಹದಿನಾರಾಣೆ ಸತ್ಯ ಅಂತಾನೇ ಅಂತಿದ್ರು ಅಂದೆ. ಹಣ, ದುಡ್ಡು, ಕಾಸು ಈ ಮೂರೂ ಒಂದು ಕಾಲದಲ್ಲಿ ಬೇರೆ ಬೇರೆ ನಾಣ್ಯದ ಹೆಸರು ಅಂತ ಹೇಳಿದಾಗ ಮಕ್ಕಳ ಕಣ್ಣು ಅರಳಿದ್ದು ನೋಡ್ಬೇಕಿತ್ತು.

ಮಾತಲ್ಲಿ ಸಾಲದು ಅನ್ನಿಸ್ತು. ಅಡುಗೆಮನೇಲಿ ಅಕ್ಕನ ಹತ್ರ ಹುಣಸೆ ಬೀಜ ಇಸ್ಕೊಂಡು ಬಂದು ತಲಾ 12 ಕೊಟ್ಟೆ, ಇದೇ ಕಾಸು. ಕಾಗದದ ಚೀಟಿ ಮೇಲೆ ಪೆನ್ಸಿಲ್, ಕಡ್ಲೆ ಮಿಠಾಯಿ, ಚಕ್ಕುಲಿ ಅಂತೆಲ್ಲ ಬರೆದು ಅಂಗಡಿ ಇಟ್ಟೆ, ತುತ್ತೂರಿ ಚೀಟಿ ಮಾತ್ರ ಒಂದೇ ಒಂದು ಇಟ್ಟೆ. ಕಸ್ತೂರಿಗೆ ಜಂಬ ಬಂದಿದ್ದೇ ಬೇರೆ ಯಾರ ಹತ್ರಾನೂ ಅದು ಇಲ್ಲ ಅಂತ ತಾನೆ, ಅದು ಮಕ್ಕಳಿಗೆ ಗೊತ್ತಾಗ್ಲಿ ಅಂತ. ಒಂದು ಬೀಜದಿಂದ ಹರಾಜು ಶುರುವಾಗಿದ್ದು ಐದಕ್ಕೆ ಹೋಯ್ತು, ಒಂಬತ್ತಕ್ಕೆ ಹೋಯ್ತು, ಹನ್ನೆರಡಕ್ಕೆ ನಿಲ್ಲುತ್ತೆ ಅಂದ್ಕೊಂಡ್ರೆ ಇಬ್ಬರು ಹುಡುಗ್ರು ತಮ್ಮ ಬೀಜ ಒಟ್ಟು ಸೇರಿಸಿ 17 ಕೊಟ್ಟು ತಗೊಂಡೇಬಿಟ್ರು. ಆಗ ನಾನು ಮೇಜಿನ ಕೆಳಗಿಂದ ಇನ್ನೂ ಆರು ತುತ್ತೂರಿ ಚೀಟಿ ತೆಗೆದೆ. ಮುಂದಿನದು ಎರಡು ಬೀಜಕ್ಕೆ ಹೋಯ್ತು, ಕೊನೇದನ್ನ ಯಾರೂ ಕೇಳಲೇ ಇಲ್ಲ.

17 ಕೊಟ್ಟ ಹುಡುಗ್ರಲ್ಲಿ ಒಬ್ಬ ಅತ್ತುಬಿಟ್ಟ. "ಮೋಸ ಮಿಸ್" ಅಂದ. ನಂಗೆ ಎದೆ ಧಸಕ್ಕಂತು, ಇನ್ನೂ ಆರಿದೆ ಅಂತ ಮೊದ್ಲೇ ಹೇಳದೆ ಬಚ್ಚಿಟ್ಟಿದ್ದು ತಪ್ಪೇ. ಪಕ್ಕದಲ್ಲಿ ಕೂರಿಸ್ಕೊಂಡು ಹೌದು ಕಣೋ, ನೀನು ಹೇಳೋದು ಸರಿ ಅಂದೆ. ಅಷ್ಟರಲ್ಲಿ ಇನ್ನೊಂದು ಹುಡುಗಿ, "ಟೊಮೇಟೊನೂ ಹಂಗೇ ಅಲ್ವಾ ಮಿಸ್, ನಮ್ಮಪ್ಪ ಹಾಕಿದ್ ವರ್ಷ ಎಲ್ರೂ ಹಾಕಿರ್ತಾರೆ" ಅಂತು. ಕ್ಲಾಸು ಒಂದು ಗಳಿಗೆ ಸುಮ್ಮನಾಯ್ತು. ಆ ಮಾತು ಎಲ್ಲರ ಮನೇದೂ ಆಗಿತ್ತು.

ಮಧ್ಯಾಹ್ನ ಊಟ ಆದ್ಮೇಲೂ ಮಳೆ ಬಿಡ್ಲಿಲ್ಲ, ಹಂಪಿ ಕಡೆ ತಿರುಗಿಸಿದೆ. ವಿಜಯನಗರದ ರಾಜರಿಗೆ ಯುದ್ಧಕ್ಕೆ ಒಳ್ಳೆ ಕುದುರೆ ಬೇಕಿತ್ತು, ಅವು ಹೊರ್ಮುಜ್, ಏಡನ್ ಕಡೆಯಿಂದ ಹಡಗಲ್ಲಿ ಬರಬೇಕು, ದಾರೀಲಿ ಎಷ್ಟೋ ಸಾಯ್ತಿದ್ವು. ನೂನಿಜ್ ಅನ್ನೋ ಪೋರ್ಚುಗೀಸ್ ವ್ಯಾಪಾರಿ 1535ರ ಸುಮಾರಿಗೆ ಬರೆದಿದ್ದಾನೆ, ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ವರಹದ ಹಾಗೆ ಕೊಳ್ತಿದ್ದನಂತೆ, ಅದೂ ಬದುಕಿರೋದಕ್ಕೂ ಸತ್ತಿದ್ದಕ್ಕೂ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದ್ರೆ ಸಾಕು, ಪೂರ್ತಿ ದುಡ್ಡು. ಮಕ್ಕಳು ಕೂಡ್ಲೇ ಭಾಗಾಕಾರ ಮಾಡಿ ಕುದುರೆಗೆ 333, ಉಳಿದ ಒಂದು ವರಹ ಯಾರಿಗೆ ಅಂತ ಜಗಳಕ್ಕೆ ಕೂತ್ರು. ಬೆಳಿಗ್ಗೆ ಅತ್ತಿದ್ದ ಹುಡುಗ, "ಒಂದು ಬಾಲಾನ ಎರಡು ಮಾಡ್ಕೊಂಡು ಬಂದ್ರೆ ಮಿಸ್?" ಅಂದ. ಮೋಸದ ವಿಚಾರ ಅವನ ತಲೇಲಿ ಇನ್ನೂ ಕೂತಿತ್ತು, ಪಾಪ.

ಸತ್ತ ಕುದುರೆಗೆ ಯಾಕೆ ದುಡ್ಡು ಕೊಡ್ಬೇಕು ಅಂತ ಕೇಳಿದೆ. ರಾಜ ಒಳ್ಳೆಯವನು ಅಂದ್ರು, ದಡ್ಡ ಅಂದ್ರು. ಟೊಮೇಟೊ ಹುಡುಗಿ ಮೆಲ್ಲಗೆ ಹೇಳಿದ್ಲು. "ಇಲ್ಲಾಂದ್ರೆ ಆಮೇಲೆ ಯಾರೂ ತರಲ್ಲ ಮಿಸ್. ನಮ್ ಹಸು ಗೌರಿ ಸತ್ತಾಗ್ಲೂ ಹಿಂಗೇ, ಡಾಕ್ಟ್ರು ಬಂದು ನೋಡಿ ಕಿವೀಲಿದ್ದ ಓಲೆ ತಗೊಂಡ್ರು, ಓಲೆ ಇದ್ರೇನೇ ಇನ್ಶೂರೆನ್ಸ್ ದುಡ್ಡು ಅಂತ. ಆ ದುಡ್ಡು ಬರ್ದೆ ಇದ್ದಿದ್ರೆ ಅಪ್ಪ ಇನ್ನೊಂದು ಹಸು ಕಟ್ತಾನೇ ಇರ್ಲಿಲ್ಲ."

ಐನೂರು ವರ್ಷದ ಹಿಂದಿನ ಬಾಲವನ್ನ ಮನೆ ಕೊಟ್ಟಿಗೆಗೆ ತಂದು ಕಟ್ಟಿದ್ದು ನಾನಲ್ಲ, ಹತ್ತು ವರ್ಷದ ಆ ಮಗು. ಆ ಖುಷೀಲಿ ಅವತ್ತು ಸಂಜೆ ಬಸ್ಸಲ್ಲಿ ಕೂತೋಳಿಗೆ ನನ್ನ ಸ್ಟಾಪ್ ಬಂದಿದ್ದೂ ಗೊತ್ತಾಗ್ಲಿಲ್ಲ.

ಮಾರನೇ ದಿನ ಅವಳು ಅಪ್ಪನ್ನ ಕೇಳಿ ಇನ್ಶೂರೆನ್ಸ್ ಕಾಗದದ ಜೆರಾಕ್ಸ್ ತಂದಿದ್ಲು, ಮಡಚಿ ಮಡಚಿ ಪುಸ್ತಕದೊಳಗೆ ಇಟ್ಕೊಂಡು. ಎಲ್ಲರೂ ಸುತ್ತ ಕೂತು ಓದಿದ್ವಿ. ಅದರಲ್ಲಿ ಓಲೆಯ ನಂಬರ್ ಇತ್ತು, 12 ಅಂಕಿ. ಬಾಲದ ಹುಡುಗ ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಎಣಿಸಿ ಮುಗಿಸಿ ತಲೆ ಎತ್ತಿದ.

"ಬಾಲಕ್ಕೆ ನಂಬರ್ ಇರ್ಲಿಲ್ಲ ಅಲ್ವಾ ಮಿಸ್?"