ಲೈಟ್ ಬಾಕ್ಸ್ ಮೇಲೆ ಸಣ್ಣ ಬಾಟ್ಲಿಗಳು

ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಉಂಟು. ಗಲ್ಫಿಗೆ ಹೊರಟವರು ಪಾಸ್‌ಪೋರ್ಟ್ ಫೋಟೋಕ್ಕೆ ನನ್ನಲ್ಲಿಗೆ ಬರುತ್ತಾರೆ. ರಜೆಯಲ್ಲಿ ಊರಿಗೆ ಬರುವಾಗ ಅವರಲ್ಲೇ ಕೆಲವರು ನನಗೆ ವಿಸ್ಕಿಯ ಸಣ್ಣ ಬಾಟ್ಲಿ ತರುತ್ತಾರೆ, ಕೂಡಿಡಲಿಕ್ಕೆ. ದೊಡ್ಡದು ಕೇಳುವುದು ಸರಿಯಲ್ಲ. ಕಸ್ಟಮ್ಸ್‌ನವರು ಸುಂಕ ಇಲ್ಲದೆ ಒಬ್ಬರಿಗೆ ಬಿಡುವುದೇ 2 ಲೀಟರ್. ಅದರಲ್ಲಿ ಅಣ್ಣನಿಗೆ, ಭಾವನಿಗೆ, ಗೆಳೆಯರಿಗೆ ಅಂತ ಮೊದಲೇ ಪಾಲಾಗಿರುತ್ತದೆ. 50 ಎಂಎಲ್ ಬಾಟ್ಲಿ ಹೇಗಾದರೂ ಎಡೆಯಲ್ಲಿ ಹಿಡಿಯುತ್ತದೆ, ಅಲ್ವಾ?

ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ವೈನ್ ಪೀಪಾಯಿಯಲ್ಲಿ ಫಿನಿಶ್ ಮಾಡಿದ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ, ಆದರೆ ಮಾತ್ರ. ಸ್ಕಾಟ್ಲೆಂಡಿನ ವಿಸ್ಕಿ ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಓಕ್ ಪೀಪಾಯಿಯಲ್ಲಿ ಕಡಿಮೆಯೆಂದರೂ 3 ವರ್ಷ ಇರಬೇಕು. ಜಾಸ್ತಿ ಬಳಸುವುದು ಅಮೆರಿಕದಲ್ಲಿ ಬರ್ಬನ್ ಎಂಬ ಜೋಳದ ವಿಸ್ಕಿ ತುಂಬಿಸಿದ್ದ ಹಳೇ ಪೀಪಾಯಿ, ಸುಮಾರು 200 ಲೀಟರಿನದ್ದು. ಅಲ್ಲಿ ವರ್ಷಗಟ್ಟಲೆ ಕೂತ ವಿಸ್ಕಿಯನ್ನು ಕೊನೆಗೆ ವೈನ್ ಇದ್ದ ಪೀಪಾಯಿಗೆ ದಾಟಿಸುತ್ತಾರೆ, ಅದೇ ಫಿನಿಶ್. ಕೆಲವು ತಿಂಗಳು, ಇಲ್ಲವೇ ಒಂದೆರಡು ವರ್ಷ. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಎಷ್ಟು ತೊಳೆದರೂ ಪರಿಮಳ ಬಿಡುವುದಿಲ್ಲ ನೋಡಿ, ಮರವೂ ಹಾಗೆಯೇ. ಹೀರಿಕೊಂಡ ವೈನನ್ನು ವಿಸ್ಕಿಗೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ.

ಇದಕ್ಕೆ ದೊಡ್ಡ ಹೆಸರು ಸ್ಕಾಟ್ಲೆಂಡಿನ ಗ್ಲೆನ್‌ಮೊರಂಜಿ ಡಿಸ್ಟಿಲರಿಯವರದ್ದು. ಅವರದ್ದೊಂದು ನಾಲ್ಕು ಬಾಟ್ಲಿಯ ಸೆಟ್ ಬರುತ್ತಿತ್ತು, ಒಂದೊಂದು 100 ಎಂಎಲ್. ಒರಿಜಿನಲ್ ಅಂದರೆ ಬರ್ಬನ್ ಪೀಪಾಯಿಯದ್ದು. ಲಸಾಂಟಾಕ್ಕೆ ಸ್ಪೇನಿನ ಶೆರ್ರಿ ವೈನ್, ಕ್ವಿಂಟಾ ರೂಬಾನ್‌ಗೆ ಪೋರ್ಚುಗಲ್ಲಿನ ಪೋರ್ಟ್ ವೈನ್, ನೆಕ್ಟರ್ ಡಿ'ಓರ್‌ಗೆ ಫ್ರಾನ್ಸಿನ ಸೋಟರ್ನ್ ಎಂಬ ಸಿಹಿ ವೈನಿನ ಪೀಪಾಯಿ. ನೆಗೆಟಿವ್ ನೋಡಲು ಇಟ್ಟ ಹಳೇ ಲೈಟ್ ಬಾಕ್ಸ್ ಇನ್ನೂ ನನ್ನಲ್ಲಿ ಉಂಟು. ನಾಲ್ಕನ್ನೂ ಅದರ ಮೇಲೆ ಸಾಲಾಗಿ ನಿಲ್ಲಿಸಿ ಸ್ವಿಚ್ ಹಾಕಿದರೆ ಸಂಗತಿ ಗೊತ್ತಾಗುತ್ತದೆ. ಒರಿಜಿನಲ್ ತೆಳು ಹಳದಿ. ನೆಕ್ಟರ್ ಅದಕ್ಕಿಂತ ಒಂದು ಪಟ್ಟು ಗಾಢ. ಲಸಾಂಟಾದಲ್ಲಿ ಕಂದು ಇಣುಕುತ್ತದೆ. ಕ್ವಿಂಟಾ ರೂಬಾನ್ ನಡುವಿನಲ್ಲಿ ತಾಮ್ರದ ಬಣ್ಣ. ಆದರೆ ಗಾಜಿನ ಅಂಚಿನಲ್ಲಿ, ದ್ರವ ತೆಳುವಾಗುವ ಕಡೆ, ಗುಲಾಬಿ ಎಳೆಯೊಂದು ಕಾಣುತ್ತದೆ. ದೊಡ್ಡ ಬಾಟ್ಲಿಯಲ್ಲಿ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ನನಗೆ ಸಣ್ಣ ಬಾಟ್ಲಿಯೇ ಇಷ್ಟ.

ಬಣ್ಣವನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಹಾಕಲು ಕಾನೂನೇ ಬಿಡುತ್ತದೆ. ಅರಾನ್ ದ್ವೀಪದ ಡಿಸ್ಟಿಲರಿಯವರು ಹಾಕುವುದಿಲ್ಲ. ಲೊಕ್ರಾನ್ಜಾದಲ್ಲಿ 1995ರಲ್ಲಿ ಶುರುವಾದದ್ದು, ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಮೊನ್ನೆ ಮೊನ್ನೆಯದ್ದು. ಅವರ ಅಮರೋನೆ ಪೀಪಾಯಿಯ ಮಿನಿಯೇಚರ್ ನನ್ನ ಕಪಾಟಿನ ರಾಜ. ಅಮರೋನೆ ಇಟಲಿಯ ವೈನ್, ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿ ಮಾಡುವಂಥದ್ದು. ವಿಸ್ಕಿ ಖಡಕ್, ಆಲ್ಕೋಹಾಲ್ 50%. ಲೈಟ್ ಬಾಕ್ಸ್ ಮೇಲೆ ಇದರ ಕೆಂಪಿನ ಮುಂದೆ ಉಳಿದವೆಲ್ಲ ಸಪ್ಪೆ.

ಕೂಡಿಡುವವರು ಲೇಬಲಿನ ಸಣ್ಣ ಅಕ್ಷರ ಓದಲೇಬೇಕು. ಕ್ವಿಂಟಾ ರೂಬಾನ್ ಮೊದಲು 12 ವರ್ಷದ್ದಾಗಿತ್ತು, 2019ರಿಂದ 14 ಆಯಿತು. ಲಸಾಂಟಾದ ಆಲ್ಕೋಹಾಲ್ 46% ಇದ್ದದ್ದು 43%ಕ್ಕೆ ಇಳಿಯಿತು. ಹಳೇ ಅಂಕಿ ಇರುವ ಬಾಟ್ಲಿ ಇನ್ನು ಹೊಸದಾಗಿ ಬರುವುದಿಲ್ಲ. ದುಬೈಯಿಂದ ಬರುವ ಹುಡುಗರಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. 'ಅಣ್ಣಾ, ಸಣ್ಣದು ಸಿಕ್ಕಿದ್ದೇ ದೊಡ್ಡದು' ಅನ್ನುತ್ತಾರೆ.

ಇನ್ನು ನಮ್ಮ ಹವೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಆವಿಯಾಗುವುದು ಸುಮಾರು 2%. ಬೆಂಗಳೂರಿನ ಹೊರಗೆ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯಲ್ಲಿ ಅದು 10%ಕ್ಕೂ ಮೇಲೆ. ಅವರ ಪೋರ್ಟೋನೋವಾ ಕೂಡ ಪೋರ್ಟ್ ಪೀಪಾಯಿ ಕಂಡು ಬಂದದ್ದೇ. ಪೀಪಾಯಿಯ ಮಾತು ಹಾಗಿರಲಿ, ಮುಚ್ಚಿದ ಬಾಟ್ಲಿಯೂ ಪೂರ್ತಿ ಭದ್ರವಲ್ಲ. ಮುಚ್ಚಳದ ಸಂದಿಯಿಂದ ಎಳ್ಳಷ್ಟು ಹೋಗುತ್ತಲೇ ಇರುತ್ತದೆ. ದೊಡ್ಡ ಬಾಟ್ಲಿಯಲ್ಲಿ ಗೊತ್ತಾಗದ ನಷ್ಟ 50 ಎಂಎಲ್‌ನಲ್ಲಿ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಲೇಬಲಿಗೆ ಬೂಷ್ಟು ಬೇರೆ. ಲೆನ್ಸಿಗೆ ಫಂಗಸ್ ಬಾರದಿರಲಿ ಅಂತ ತೆಗೆದುಕೊಂಡ ಡ್ರೈ ಕ್ಯಾಬಿನೆಟ್‌ನಲ್ಲಿ ಈಗ ಅರ್ಧ ಜಾಗ ಇವುಗಳಿಗೆ. ಬಿಸಿಲು ತಾಗಬಾರದು, ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಕಾರ್ಕನ್ನು ಆಲ್ಕೋಹಾಲ್ ತಿಂದುಬಿಡುತ್ತದೆ.

ಪ್ರತಿ ಬಿಸುವಿಗೆ, ಅಂದರೆ ನಮ್ಮ ಸೌರ ಯುಗಾದಿಗೆ, ಒಂದೊಂದನ್ನೂ ಅದೇ ಟ್ರೈಪಾಡ್, ಅದೇ ಬೆಳಕಿನಲ್ಲಿ ಫೋಟೋ ತೆಗೆಯುತ್ತೇನೆ. ಹಳೇ ಫೋಟೋ ಪಕ್ಕದಲ್ಲಿಟ್ಟರೆ ಮಟ್ಟ ಎಷ್ಟು ಇಳಿದಿದೆ ಅಂತ ತಿಳಿಯುತ್ತದೆ. ಕತ್ತಿನಿಂದ ಕೆಳಗೆ ಇಳಿದದ್ದನ್ನು ತೆರೆಯುವುದೇ ನನ್ನ ಕ್ರಮ. ಸೀಲ್ ಒಡೆದರೆ ಬೆಲೆ ಹೋಯಿತು ಅನ್ನುವವರಿದ್ದಾರೆ. ಹೋಗಲಿ ಮಾರಾಯ್ರೆ. ನಾನೇನು ಮಾರಲು ಇಟ್ಟದ್ದಲ್ಲ. ಗಾಳಿಗೆ ಸುಮ್ನೆ ಕುಡಿಸುವುದಕ್ಕಿಂತ ನಾವು ಕುಡಿಯುವುದು ಮೇಲು. ಭಾವ ಮಾತ್ರ ಇದನ್ನು ಒಪ್ಪುವುದಿಲ್ಲ. 'ನಿನ್ನ ಕಣ್ಣಿಗೆ ಮಟ್ಟ ಇಳಿದ ಹಾಗೆ ಕಾಣುವುದು ಶನಿವಾರವೇ ಯಾಕೆ?' ಅಂತ ಕೇಳುತ್ತಾನೆ. ಕೇಳಿ, ಗ್ಲಾಸನ್ನೂ ಮುಂದೆ ಹಿಡಿಯುತ್ತಾನೆ.

ಈ ಸಲ 12 ವರ್ಷದ ಕ್ವಿಂಟಾ ರೂಬಾನಿನ ಸರದಿ. ಸರಿಯಾಗಿ ಒಂದನೇ ತಾರೀಖಿಗೆ ಇಟ್ಟಿದ್ದೇನೆ. ಕೇರಳದಲ್ಲಿ ಅಂದು ಮದ್ಯದ ಅಂಗಡಿ ಬಂದ್, ಹಾಗಾಗಿ ಭಾವ ತಪ್ಪದೆ ಬರುತ್ತಾನೆ. 100 ಎಂಎಲ್ ಇಬ್ಬರಿಗೆ ಧಾರಾಳ. ನೀರು ನಾಲ್ಕು ಹನಿ ಬೇಕಾದರೆ ಹಾಕಿಕೊಳ್ಳಲಿ. ಸೋಡಾ ಹಿಡಿದುಕೊಂಡು ಬಂದರೆ ಮಾತ್ರ ಗೇಟಿನಿಂದಲೇ ವಾಪಸ್ ಅಂತ ಈಗಲೇ ಫೋನ್ ಮಾಡಿ ಹೇಳಿದ್ದೇನೆ.